ಚಿಕ್ಕಪ್ಪನವರ ಕಣ್ಣಿನ ಉರಿಯೂತ ಮತ್ತು ಊಟದ ವಿಚಾರ

ಚಿಕ್ಕಮ್ಮ, ನಮಸ್ಕಾರ. ಚಿಕ್ಕಪ್ಪನವರಿಗೆ ಯುವೈಟಿಸ್ (ಕಣ್ಣಿನೊಳಗಿನ ಉರಿಯೂತ) ಎಂದು ಹೇಳಿ ಕಣ್ಣಿನ ಹನಿಯ ಜೊತೆಗೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನೂ ಬರೆದುಕೊಟ್ಟಿದ್ದಾರೆ, ಯಾವ ಪಥ್ಯ ಹಿಡಿಯಬೇಕು ಎಂದು ಮನೆಯವರ ಗುಂಪಿನಲ್ಲಿ ಕೇಳಿದ್ದೀರಿ. ಅದರ ಕೆಳಗೇ ಯಾರೋ, ಕ್ಯಾರೆಟ್ ರಸ ಕುಡಿದರೆ ಔಷಧವೇ ಬೇಡ ಎಂಬ ಸಂದೇಶ ಹಾಕಿದ್ದಾರೆ. ಬರೆಯಲು ಹೊರಟರೆ ಮುಗಿಯುವುದಿಲ್ಲವೆಂದು ಮಾತಿನಲ್ಲೇ ಹೇಳುತ್ತಿದ್ದೇನೆ.

ಈ ಕಾಯಿಲೆಗೆ ಕೆಲವರಲ್ಲಿ ಕ್ಷಯದಂಥ ಸೋಂಕು ಕಾರಣವಾದರೆ, ಹಲವರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕಣ್ಣಿನ ನಡುಪದರದ ಮೇಲೆ ತಿರುಗಿಬಿದ್ದಿರುತ್ತದೆ. ಉಷ್ಣವೆಂದು ಬದನೆಕಾಯಿ ಬಿಟ್ಟರೆ ಅದು ಇಳಿಯುವುದಿಲ್ಲ. ಕ್ಯಾರೆಟ್ ನೆರವಾಗುವುದು ಎ ಜೀವಸತ್ವದ ಕೊರತೆಯಿಂದ ಬರುವ ಇರುಳುಗಣ್ಣಿಗೆ. ಪಲ್ಯ ಮಾಡಿ ಬಡಿಸಿ, ಔಷಧವೆಂದು ಲೋಟಗಟ್ಟಲೆ ಕುಡಿಸಬೇಡಿ.

ನಿಜವಾಗಿ ಊಟದಲ್ಲಿ ಎಚ್ಚರ ಬೇಕಿರುವುದು ಆ ಮಾತ್ರೆಯ ಕಾರಣಕ್ಕೆ. ಸ್ಟೀರಾಯ್ಡ್ ಹಸಿವನ್ನು ಕೆರಳಿಸುತ್ತದೆ, ಸಕ್ಕರೆಯನ್ನು ಏರಿಸುತ್ತದೆ, ಮೈಯಲ್ಲಿ ಉಪ್ಪು, ನೀರು ಉಳಿಯುವಂತೆ ಮಾಡಿ ರಕ್ತದೊತ್ತಡ ಹೆಚ್ಚಿಸುತ್ತದೆ, ಬಹುಕಾಲ ತೆಗೆದುಕೊಂಡರೆ ಮೂಳೆಯನ್ನೂ ಸವೆಸುತ್ತದೆ. ಬೆಳಿಗ್ಗೆ ನುಂಗಿದ ಮಾತ್ರೆ ಸಕ್ಕರೆಯನ್ನು ಹೆಚ್ಚಾಗಿ ಏರಿಸುವುದು ಮಧ್ಯಾಹ್ನದಿಂದ ಸಂಜೆಯವರೆಗೆ. ಆದ್ದರಿಂದ ಖಾಲಿ ಹೊಟ್ಟೆಯ ಪರೀಕ್ಷೆ ಸರಿಯಿದೆ ಎಂದು ಸಮಾಧಾನಪಡದೆ, ಮಧ್ಯಾಹ್ನದ ಊಟವಾಗಿ 2 ಗಂಟೆ ಕಳೆದ ಮೇಲೆ ಒಮ್ಮೆ ನೋಡಿಸಿ. ಮಾತ್ರೆಯನ್ನು ತಿಂಡಿಯಾದ ಮೇಲೆಯೇ ಕೊಡಿ. ಅನ್ನ ಕಡಿಮೆ ಮಾಡಿ ಬೇಳೆ, ಕಾಳು, ಸೊಪ್ಪು ಹೆಚ್ಚಿಸಿ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿರುವುದೂ ಆ ಲೆಕ್ಕಕ್ಕೇ ಸೇರುತ್ತದೆ. (ಚಿಕ್ಕಪ್ಪನವರಿಗೆ ಇದು ರುಚಿಸದು ಎಂದು ಗೊತ್ತು.) ಮೂಳೆಗೆ ರಾಗಿ ನಮ್ಮ ಮನೆಯಲ್ಲೇ ಇದೆ: 100 ಗ್ರಾಂ ಹಿಟ್ಟಿನಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಹಾಲು, ಮೊಸರು, ಎಳ್ಳು ಜೊತೆಗಿರಲಿ. ಡಿ ಜೀವಸತ್ವ ಊಟದಿಂದ ಸಾಕಷ್ಟು ಸಿಗುವುದು ಕಷ್ಟ, ವೈದ್ಯರನ್ನು ಕೇಳಿ ರಕ್ತಪರೀಕ್ಷೆ ಮಾಡಿಸಿ.

ಅರಿಸಿನದ ಬಗ್ಗೆ ಅತ್ತಿಗೆ ಕೇಳಿದ್ದರು. ಅದರ ಸಾರವಾದ ಕರ್ಕ್ಯುಮಿನ್ ಅನ್ನು ಈ ಕಾಯಿಲೆಯಲ್ಲಿ ಸಣ್ಣ ಪ್ರಮಾಣದ ಅಧ್ಯಯನಗಳಲ್ಲಿ ಪ್ರಯೋಗಿಸಿ ನೋಡಿದ್ದಾರೆ. ಅಡುಗೆಯ ಚಿಟಿಕೆ ಅರಿಸಿನಕ್ಕೆ ಅದನ್ನು ಅನ್ವಯಿಸುವುದು ಸರಿಯಲ್ಲ. ಹಾಲಿಗೆ ಹಾಕಿ ಕುಡಿಯಲಿ, ಅಭ್ಯಂತರವಿಲ್ಲ. ಆದರೆ ಅಮೃತಬಳ್ಳಿ ಕಷಾಯ ಮಾತ್ರ ಬೇಡ. ರೋಗನಿರೋಧಕ ಶಕ್ತಿಯನ್ನು ತಗ್ಗಿಸಲು ಮಾತ್ರೆ ಕೊಡುತ್ತಿರುವಾಗ ಅದನ್ನು ಹೆಚ್ಚಿಸುವ ಕಷಾಯ ಕುಡಿಸುವುದರಲ್ಲಿ ಅರ್ಥವಿಲ್ಲ. ಮೇಲಾಗಿ ಅದರಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ನಂದಿಬಟ್ಟಲು ಹೂವಿನ ರಸ, ಜೇನುತುಪ್ಪ, ಹರಳೆಣ್ಣೆ ಯಾವುದನ್ನೂ ಕಣ್ಣಿಗೆ ಬಿಡಬೇಡಿ. ಬೀಡಿ ಸಿಗರೇಟು ನಿಲ್ಲಲೇಬೇಕು, ಹೊಗೆ ಈ ಉರಿಯೂತವನ್ನು ಹೆಚ್ಚಿಸುತ್ತದೆ.

ಕೆಂಪು ಇಳಿಯಿತೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಪ್ರಮಾಣವನ್ನು ವೈದ್ಯರೇ ಹಂತಹಂತವಾಗಿ ಇಳಿಸುತ್ತಾರೆ. ಔಷಧದ ಚೀಟಿಯ ಫೋಟೋವನ್ನು ನನಗೊಬ್ಬಳಿಗೇ ಕಳುಹಿಸಿ. ಅದರಲ್ಲಿ ಮೆಥೊಟ್ರೆಕ್ಸೇಟ್ (ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಇನ್ನೊಂದು ಔಷಧ) ಇದ್ದರೆ ಅದು ವಾರಕ್ಕೆ ಒಂದೇ ದಿನದ ಮಾತ್ರೆ, ದಿನವೂ ಕೊಡುವಂಥದ್ದಲ್ಲ, ಮದ್ಯವನ್ನಂತೂ ಮುಟ್ಟುವಂತಿಲ್ಲ.