ಬೋಧನೆಯೊಂದನ್ನು ಒಪ್ಪಲಾಗದ ಕಥೋಲಿಕರು ಪರಮಪ್ರಸಾದಕ್ಕೆ ಹೋಗಬಹುದೇ?

ಪ್ರಶ್ನೆ:
ಭಾನುವಾರದ ಬಲಿಪೂಜೆ (ಮಾಸ್) ತಪ್ಪಿಸದ, ವಿಶ್ವಾಸ ಪ್ರಮಾಣವನ್ನು ಮನಸಾರೆ ಹೇಳುವ ಒಬ್ಬರಿಗೆ ಧರ್ಮಸಭೆಯ ಎರಡು ಬೋಧನೆಗಳು ಮಾತ್ರ ಒಪ್ಪಿಗೆಯಾಗುತ್ತಿಲ್ಲ ಎಂದುಕೊಳ್ಳಿ: ಕೃತಕ ಗರ್ಭನಿರೋಧ ತಪ್ಪು ಎನ್ನುವುದು, ಮಹಿಳೆಯರಿಗೆ ಗುರುದೀಕ್ಷೆ (ಪಾದ್ರಿಯಾಗುವ ಸಂಸ್ಕಾರ) ಇಲ್ಲ ಎನ್ನುವುದು. ಇಂಥವರು ಬಲಿಪೂಜೆಯಲ್ಲಿ ಕೊಡುವ ಪರಮಪ್ರಸಾದ (ಕಮ್ಯೂನಿಯನ್) ಸ್ವೀಕರಿಸಬಹುದೇ? ಗುರುಗಳು ನಿರಾಕರಿಸಬಹುದೇ? "ಮನಸ್ಸಾಕ್ಷಿ ಹೇಳಿದಂತೆ ಮಾಡಿ" ಅನ್ನುವವರಿದ್ದಾರೆ, "ಬಹಿಷ್ಕಾರ ಆಗಲೇ ಆಗಿಹೋಗಿದೆ" ಅನ್ನುವವರೂ ಇದ್ದಾರೆ. ನಿಯಮ ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರ 1:
ಬಹಿಷ್ಕಾರದ ಮಾತು ಮೊದಲು ಪಕ್ಕಕ್ಕಿಡೋಣ. 1983ರ ಧರ್ಮಸಭಾ ಕಾನೂನು ಸಂಹಿತೆಯ 1364ನೇ ವಿಧಿಯಂತೆ ತಾನಾಗಿ ಬಹಿಷ್ಕಾರ ತಗಲುವುದು ಧರ್ಮದ್ರೋಹ, ಧರ್ಮತ್ಯಾಗ, ಸಭಾಭೇದ (ಪೋಪರ ಅಧೀನತೆ ತೊರೆದು ಒಡೆದುಹೋಗುವುದು) ಈ ಮೂರಕ್ಕೆ. ಧರ್ಮದ್ರೋಹ ಎಂದರೆ ದೇವರೇ ಪ್ರಕಟಿಸಿದ್ದೆಂದು ನಂಬಲೇಬೇಕಾದ ಸತ್ಯವನ್ನು, ಉದಾಹರಣೆಗೆ ಕ್ರಿಸ್ತರ ದೈವತ್ವವನ್ನು, ಹಟ ಹಿಡಿದು ಅಲ್ಲಗಳೆಯುವುದು (ವಿಧಿ 751). ಅದೂ ಹೊರಗೆ ವ್ಯಕ್ತವಾಗಿರಬೇಕು. ಮನಸ್ಸಿನೊಳಗೇ ಉಳಿದದ್ದು ಪಾಪವಾಗಬಹುದು, ಕಾನೂನಿನ ಅಪರಾಧವಾಗದು (ವಿಧಿ 1330).

ಬೋಧನೆಗಳಲ್ಲಿ ಮೂರು ಮಟ್ಟಗಳಿವೆ. ಮೇಲೆ ಹೇಳಿದ್ದು ಮೊದಲನೆಯದು. ಎರಡನೆಯದು, ಖಚಿತವಾಗಿ ಹಿಡಿದಿರಲೇಬೇಕಾದ ಬೋಧನೆ (ವಿಧಿ 750, ಭಾಗ 2). ಗುರುದೀಕ್ಷೆ ಪುರುಷರಿಗಷ್ಟೇ ಎಂಬುದನ್ನು 1994ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಈ ಬಗೆಯಲ್ಲೇ ಘೋಷಿಸಿದರು. ಮೂರನೆಯದು, ಬುದ್ಧಿ ಮತ್ತು ಇಚ್ಛೆಯ ವಿನಯಪೂರ್ವಕ ಸಮ್ಮತಿ ಬೇಡುವ ಬೋಧನೆ (ವಿಧಿ 752). 1968ರ ವಿಶ್ವಪತ್ರ (ಪೋಪರು ಇಡೀ ಧರ್ಮಸಭೆಗೆ ಬರೆದ ಬೋಧನಾ ಪತ್ರ) ಹೇಳಿದ ಗರ್ಭನಿರೋಧದ ವಿಷಯವನ್ನು ಹಲವು ದೇವಶಾಸ್ತ್ರಜ್ಞರು ಇಲ್ಲಿಗೆ ಸೇರಿಸುತ್ತಾರೆ. ಆದರೆ ಪಾಪನಿವೇದನೆ (ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವ ಸಂಸ್ಕಾರ) ಕೇಳುವ ಗುರುಗಳಿಗಾಗಿ ರೋಮ್ 1997ರಲ್ಲಿ ಹೊರಡಿಸಿದ ಕೈಪಿಡಿ ಅದನ್ನು ಬದಲಾಗದ, ಖಚಿತ ಬೋಧನೆ ಎಂದೇ ಕರೆದಿದೆ. ಹಾಗಾಗಿ "ಇದು ಬರೀ ಅಭಿಪ್ರಾಯ" ಎಂದು ತಳ್ಳಿಹಾಕಲು ಬರುವುದಿಲ್ಲ.

ಇನ್ನೊಂದು ಮುಖ್ಯ ವ್ಯತ್ಯಾಸ: "ಇದು ನನಗೆ ಅರ್ಥವಾಗುತ್ತಿಲ್ಲ, ಒಪ್ಪಲು ಕಷ್ಟವಾಗುತ್ತಿದೆ" ಎಂಬುದು ಒಂದು, "ಧರ್ಮಸಭೆ ಹೇಳುವುದು ಸುಳ್ಳು, ನಾನು ಒಪ್ಪುವುದೇ ಇಲ್ಲ" ಎಂಬುದು ಇನ್ನೊಂದು. ಮೊದಲನೆಯದು ತಡೆಯಲ್ಲ. ಎರಡನೆಯದರಲ್ಲಿ ನೆಲೆನಿಂತವರು, ಶಿಕ್ಷೆ ಇಲ್ಲದಿದ್ದರೂ, ಧರ್ಮಸಭೆಯೊಂದಿಗಿನ ಪೂರ್ಣ ಅನ್ಯೋನ್ಯತೆಯನ್ನು ಮುರಿದುಕೊಂಡಿರುವ ಸಾಧ್ಯತೆ ಇದೆ. ಪ್ರಸಾದ ಸ್ವೀಕರಿಸುತ್ತಾ "ಆಮೆನ್" ಎನ್ನುವುದು ಆ ಅನ್ಯೋನ್ಯತೆಗೂ ಹೌದು ಎಂದಂತೆ. ಆದ್ದರಿಂದ ಈ ಸ್ಥಿತಿಯಲ್ಲಿರುವವರು ಮೊದಲು ಗುರುಗಳೊಡನೆ ಕೂತು ಮಾತಾಡುವುದೇ ಸರಿ.

ಉತ್ತರ 2:
ಜನ ಕಲಸಿಬಿಡುವುದು 915 ಮತ್ತು 916ನೇ ವಿಧಿಗಳನ್ನು. 915 ಪ್ರಸಾದ ಕೊಡುವವರಿಗೆ, 916 ಸ್ವೀಕರಿಸುವವರಿಗೆ.

915ರಡಿ ನಿರಾಕರಿಸಲು ಬಹಿಷ್ಕಾರವೋ ಸಂಸ್ಕಾರಗಳಿಂದ ದೂರವಿಡುವ ನಿಷೇಧವೋ ಅಧಿಕೃತವಾಗಿ ವಿಧಿಸಿ ಇಲ್ಲವೇ ಘೋಷಿಸಿ ಆಗಿರಬೇಕು. ಇಲ್ಲವಾದರೆ ಪಾಪವು ಗಂಭೀರವೂ ಬಹಿರಂಗವೂ ಆಗಿದ್ದು, ಅದರಲ್ಲೇ ಹಟದಿಂದ ಮುಂದುವರಿಯುತ್ತಿರಬೇಕು. ಒಂದು ಅಂಶ ಇಲ್ಲದಿದ್ದರೂ ಗುರುಗಳು ಕೊಡಲೇಬೇಕು, ಏಕೆಂದರೆ ಕಾನೂನು ತಡೆಯದ ಪ್ರತಿಯೊಬ್ಬ ದೀಕ್ಷಾಸ್ನಾನಿತರಿಗೂ ಪ್ರಸಾದದ ಹಕ್ಕಿದೆ (ವಿಧಿ 912). ಖಾಸಗಿಯಾಗಿ ತಿಳಿದ ಅಭಿಪ್ರಾಯದ ಮೇಲೆ ಸಾಲಿನಲ್ಲಿ ನಿಂತವರನ್ನು ವಾಪಸು ಕಳಿಸುವಂತಿಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದನ್ನಂತೂ ಯಾವ ರೀತಿಯಲ್ಲೂ ಬಳಸುವಂತಿಲ್ಲ.

916ರಲ್ಲಿ ನ್ಯಾಯಾಧೀಶರು ನೀವೇ: ಗಂಭೀರ ಪಾಪದ ಅರಿವಿದ್ದರೆ ಮೊದಲು ಪಾಪನಿವೇದನೆ, ಆಮೇಲೆ ಪ್ರಸಾದ. ಗುರುಗಳು ಕೊಟ್ಟರು ಎಂದ ಮಾತ್ರಕ್ಕೆ ಈ ಹೊಣೆ ಕಳೆಯುವುದಿಲ್ಲ.

ಮನಸ್ಸಾಕ್ಷಿಯ ಮಾತೂ ಅರ್ಧವೇ. ಖಚಿತ ಮನಸ್ಸಾಕ್ಷಿಗೆ ವಿಧೇಯರಾಗಬೇಕು ನಿಜ, ಆದರೆ ಸತ್ಯವನ್ನು ಹುಡುಕುವ ಗೋಜಿಗೇ ಹೋಗದೆ ತಪ್ಪಿದರೆ ಆ ತಪ್ಪಿಗೆ ಹೊಣೆ ನಾವೇ ಎಂದೂ ಕ್ಯಾಟೆಕಿಸಂ, ಅಂದರೆ ಧರ್ಮಸಭೆಯ ಅಧಿಕೃತ ಬೋಧನಾ ಗ್ರಂಥ, ಹೇಳುತ್ತದೆ (ಪರಿಚ್ಛೇದ 1790, 1791).

ಪ್ರಶ್ನೆ ಕೇಳಿದವರು:
ತುಂಬಾ ಉಪಯೋಗವಾಯಿತು. ಹಾಗಾದರೆ ಪಾಪನಿವೇದನೆಯಲ್ಲಿ ಇದನ್ನು ಹೇಳುವುದು ಹೇಗೆ? ಭಿನ್ನಾಭಿಪ್ರಾಯವೇ ಪಾಪವೇ?

ಉತ್ತರ 3:
ಅಭಿಪ್ರಾಯವನ್ನೂ ಕೃತ್ಯವನ್ನೂ ಬೇರೆ ಬೇರೆಯಾಗಿ ಹೇಳಿ. "ಚರ್ಚಿನ ಕೆಲವು ವಿಷಯಗಳಲ್ಲಿ ಸಂದೇಹವಿದೆ" ಎಂದು ತೇಲಿಸಿದರೆ ಗುರುಗಳಿಗೆ ಏನೂ ಗೊತ್ತಾಗದು. ಯಾವ ಬೋಧನೆ, ಅದನ್ನು ಓದಿ ತಿಳಿಯಲು ಯತ್ನಿಸಿದ್ದೀರಾ, ಬೇರೆಯವರನ್ನೂ ಅದರ ವಿರುದ್ಧ ತಿರುಗಿಸಿದ್ದೀರಾ, ಇಷ್ಟನ್ನು ಒಂದೆರಡು ವಾಕ್ಯದಲ್ಲಿ ಹೇಳಿದರೆ ಸಾಕು. ಗರ್ಭನಿರೋಧ ಬಳಸುತ್ತಿದ್ದರೆ ಅದನ್ನು ಪ್ರತ್ಯೇಕವಾಗಿ ಹೇಳಿ. ಗಂಭೀರ ಪಾಪಗಳ ಬಗೆಯನ್ನೂ ಎಷ್ಟು ಸಲ ಎಂಬುದನ್ನೂ ಹೇಳಬೇಕು (ವಿಧಿ 988).

ತೊಡಕಾಗುವುದು ಇಲ್ಲಿ: ಪಶ್ಚಾತ್ತಾಪವೂ ಬಿಡುವ ಸಂಕಲ್ಪವೂ ಇಲ್ಲದೆ ಪಾಪಕ್ಷಮೆ ಸಿಗದು. "ಇದು ತಪ್ಪೆಂದು ನನಗನ್ನಿಸುವುದಿಲ್ಲ, ಮುಂದುವರಿಸುತ್ತೇನೆ" ಎಂದರೆ ಗುರುಗಳು ಪಾಪಕ್ಷಮೆಯನ್ನು ಮುಂದೂಡಬಹುದು. ಹಾಗೆಂದು ಮತ್ತೆ ಮತ್ತೆ ಬೀಳುವುದು ಅಡ್ಡಿಯಲ್ಲ. ಪದೇ ಪದೇ ಬಿದ್ದರು ಎಂಬ ಒಂದೇ ಕಾರಣಕ್ಕೆ ಪಾಪಕ್ಷಮೆ ನಿರಾಕರಿಸಬಾರದೆಂದು ಅದೇ 1997ರ ಕೈಪಿಡಿ ಹೇಳುತ್ತದೆ. ಬಹಳ ಮಂದಿ ಇದು ತಿಳಿಯದೆಯೇ ವರ್ಷಗಟ್ಟಲೆ ದೂರ ಉಳಿಯುತ್ತಾರೆ, ಅದು ನಿಜಕ್ಕೂ ನೋವಿನ ಸಂಗತಿ.

ವಾದ ಮಾಡುವುದಿದ್ದರೆ ಪಾಪನಿವೇದನೆಯ ಪೀಠದಲ್ಲಿ ಬೇಡ. ಬೇರೆ ಸಮಯ ಕೇಳಿಕೊಂಡು, ಮೂಲಪಠ್ಯ ಓದಿಕೊಂಡು, ಪ್ರಶ್ನೆ ಬರೆದುಕೊಂಡು ಹೋಗಿ. ತಮ್ಮ ಅಭಿಪ್ರಾಯವನ್ನು ಗೌರವದಿಂದ ಧರ್ಮಪಾಲಕರಿಗೆ ತಿಳಿಸುವ ಹಕ್ಕು ಶ್ರೀಸಾಮಾನ್ಯರಿಗೂ ಇದೆ (ವಿಧಿ 212).

ಈ ನಡುವೆ ಪ್ರಸಾದ ಸ್ವೀಕರಿಸದಿದ್ದರೂ ಭಾನುವಾರದ ಬಲಿಪೂಜೆ ಬಿಡಬೇಡಿ. ಆ ಕರ್ತವ್ಯ ಪ್ರಸಾದಕ್ಕೆ ಕಟ್ಟುಬಿದ್ದದ್ದಲ್ಲ. ಸಾಲಿನಲ್ಲಿ ಹೋಗದೆ ಬೆಂಚಿನಲ್ಲೇ ಕುಳಿತು ಆತ್ಮಿಕ ಪ್ರಸಾದದ ಪ್ರಾರ್ಥನೆ (ಮನಸ್ಸಿನಲ್ಲೇ ಕ್ರಿಸ್ತರನ್ನು ಬರಮಾಡಿಕೊಳ್ಳುವ ಪ್ರಾರ್ಥನೆ) ಮಾಡಬಹುದು. ಯಾರೂ ಕಾರಣ ಕೇಳುವಂತಿಲ್ಲ, ನೀವೂ ಹೇಳಬೇಕಿಲ್ಲ.