.32 ರಿವಾಲ್ವರಿಗೆ .22ರ ಸಿಲಿಂಡರ್ ಕೂರಿಸಬಹುದೇ?

ಪ್ರಶ್ನೆ (ಶಿರಾ, ತುಮಕೂರು ಜಿಲ್ಲೆ)

ಮಾನ್ಯರೇ, ನನ್ನ ಪರವಾನಗಿಯಲ್ಲಿ ಒಂದು ಜೋಡಿನಳಿಗೆ ಕೋವಿಯೂ ಕಾನ್ಪುರದಲ್ಲಿ ತಯಾರಾದ ಒಂದು .32 (ನಳಿಗೆಯ ಒಳವ್ಯಾಸದ ಅಂದಾಜು ಅಳತೆ, ಇಂಚಿನಲ್ಲಿ) ರಿವಾಲ್ವರೂ ನಮೂದಾಗಿವೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಆಯುಧ ಎಂದಾಗಿರುವುದರಿಂದ ಮೂರನೆಯದನ್ನು ಕೇಳುವಂತಿಲ್ಲ. .32ರ ತೋಟಾ ದುಬಾರಿಯಾದ್ದರಿಂದ ಅಭ್ಯಾಸವೇ ಅಪರೂಪವಾಗಿದೆ. ಅಮೆರಿಕದ ರೂಗರ್ ಸಿಂಗಲ್-ಸಿಕ್ಸ್ ರಿವಾಲ್ವರಿನೊಂದಿಗೆ ಎರಡು ಸಿಲಿಂಡರುಗಳನ್ನು (ತೋಟಾ ತುಂಬುವ, ತಿರುಗುವ ಭಾಗ) ಕೊಡುತ್ತಾರೆಂದೂ ಒಂದನ್ನು ತೆಗೆದು ಇನ್ನೊಂದನ್ನು ಹಾಕಿದರೆ ಬೇರೆ ತೋಟಾ ಹಾರಿಸಬಹುದೆಂದೂ ಓದಿದೆ. ಅದೇ ರೀತಿ ನನ್ನ ರಿವಾಲ್ವರಿಗೆ .22ರ ಸಿಲಿಂಡರ್ ಮಾಡಿಸಬಹುದೇ? ತುಮಕೂರಿನ ಅಂತರಸನಹಳ್ಳಿಯಲ್ಲಿ ಸೂಕ್ಷ್ಮ ಕೆಲಸ ಮಾಡುವ ಲೇತ್ ವರ್ಕ್‌ಶಾಪ್‌ಗಳಿವೆ ಎಂಬ ಕಾರಣಕ್ಕೆ ಈ ಯೋಚನೆ ಬಂದಿತು.

ಉತ್ತರ 1 (ತುಮಕೂರು)

ಸರ್, ಸಿಲಿಂಡರ್ ಬದಲಾದರೂ ಬ್ಯಾರೆಲ್ ಬದಲಾಗುವುದಿಲ್ಲ. ನಿಮ್ಮ ಪ್ರಶ್ನೆಯ ಉತ್ತರವೆಲ್ಲ ಅದರಲ್ಲೇ ಇದೆ. ಸಿಂಗಲ್-ಸಿಕ್ಸ್‌ನ ಎರಡು ಸಿಲಿಂಡರುಗಳು .22 ಲಾಂಗ್ ರೈಫಲ್ ಮತ್ತು .22 ಮ್ಯಾಗ್ನಮ್ ತೋಟಾಗಳಿಗಾಗಿ ಇವೆ. ಇವುಗಳ ಗುಂಡಿನ ವ್ಯಾಸ ಸುಮಾರು 0.223 ಮತ್ತು 0.224 ಇಂಚು, ಅಂದರೆ ಹೆಚ್ಚು ಕಡಿಮೆ ಒಂದೇ ಆಗಿರುವುದರಿಂದ ಒಂದೇ ಬ್ಯಾರೆಲ್ ಎರಡಕ್ಕೂ ಸಾಲುತ್ತದೆ. ಮ್ಯಾಗ್ನಮ್‌ನ ಕೇಸ್ (ತೋಟಾದ ಲೋಹದ ಕವಚ) ಮಾತ್ರ ದಪ್ಪ ಮತ್ತು ಉದ್ದ. ಎರಡನೆಯ ಸಿಲಿಂಡರ್ ಬೇಕಾಗುವುದು ಅದಕ್ಕಾಗಿಯೇ. .357 ಮ್ಯಾಗ್ನಮ್ ಮತ್ತು 9 ಎಂಎಂ, .45 ಕೋಲ್ಟ್ ಮತ್ತು .45 ಎಸಿಪಿ ಎಂಬ ಜೋಡಿಗಳೂ ಇದೇ ನಿಯಮದ ಮೇಲೆ ನಿಂತಿವೆ. ನಿಮ್ಮ .32ರ ಗುಂಡಾದರೋ 0.31 ಇಂಚಿಗಿಂತ ಸ್ವಲ್ಪ ಹೆಚ್ಚು. ಆ ಬ್ಯಾರೆಲಿನಲ್ಲಿ .22ರ ಗುಂಡು ಸುತ್ತಲೂ ಸಡಿಲವಾಗಿ, ರೈಫ್ಲಿಂಗಿನ (ಬ್ಯಾರೆಲಿನೊಳಗಿನ ಸುರುಳಿ ಗೀರುಗಳ) ಹಿಡಿತ ಸಿಗದೆ, ತಿರುಗದೆ ಹೊರಬೀಳುತ್ತದೆ. ಅದು ಎಲ್ಲಿಗೆ ಹೋದೀತೆಂದು ಯಾರೂ ಹೇಳಲಾರರು.

ಇನ್ನೊಂದು ತೊಡಕೂ ಇದೆ. .22 ತೋಟಾವನ್ನು ಅಂಚಿಗೆ ಹೊಡೆದು ಸಿಡಿಸಬೇಕು, .32ನ್ನು ನಡುವಿಗೆ ಹೊಡೆದು ಸಿಡಿಸಬೇಕು. 1961ರಲ್ಲಿ ಸ್ಮಿತ್ ಅಂಡ್ ವೆಸ್ಸನ್ ತನ್ನ ಮಾಡೆಲ್ 53ರಲ್ಲಿ ಎರಡನ್ನೂ ಸಾಧಿಸಲು ಹ್ಯಾಮರಿನಲ್ಲೇ (ಟ್ರಿಗರ್ ಎಳೆದಾಗ ಬಡಿಯುವ ಭಾಗ) ಸ್ಥಾನ ಬದಲಿಸುವ ವ್ಯವಸ್ಥೆಯನ್ನು ಇಡಬೇಕಾಯಿತು. ಅಲ್ಲಿಯೂ ಗುಂಡಿನ ವ್ಯಾಸ .22ರದೇ ಆಗಿತ್ತು ಎಂಬುದನ್ನು ಗಮನಿಸಿ.

ಲೇತ್ ಕೆಲಸಗಾರರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೆ ಸಿಲಿಂಡರಿನ ಪ್ರತಿಯೊಂದು ಕೋಣೆಯೂ ಬ್ಯಾರೆಲಿಗೆ ನೇರವಾಗಿ ಬಂದು ನಿಲ್ಲಬೇಕು, ನಡುವಿನ ಸಂದು ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗದಷ್ಟೇ ಇರಬೇಕು, ಉಕ್ಕು ಸ್ಫೋಟದ ಒತ್ತಡವನ್ನು ತಡೆಯಬೇಕು. ರೂಗರ್ ಕಂಪನಿಯೇ ಹೆಚ್ಚುವರಿ ಸಿಲಿಂಡರನ್ನು ಆಯಾ ರಿವಾಲ್ವರಿಗೆ ಹೊಂದಿಸಿ, ಫ್ರೇಮಿನ ಸಂಖ್ಯೆಯ ಕೊನೆಯ ಮೂರು ಅಂಕಿಗಳನ್ನು ಅದರ ಮೇಲೆ ಗುರುತು ಹಾಕುತ್ತದೆ. ಒಂದೇ ಮಾದರಿಯ ಇನ್ನೊಂದು ರಿವಾಲ್ವರಿನ ಸಿಲಿಂಡರನ್ನೂ ಪರೀಕ್ಷಿಸದೆ ಹಾಕಬಾರದು.

ಉತ್ತರ 2 (ಕೋಲಾರ)

ತಾಂತ್ರಿಕವಾಗಿ ಸಾಧ್ಯವಿದ್ದಿದ್ದರೂ ದಯವಿಟ್ಟು ವರ್ಕ್‌ಶಾಪಿನ ಬಾಗಿಲಿಗೆ ಹೋಗಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಬಂದೂಕಿನ ಬಿಡಿಭಾಗವೂ ಬಂದೂಕೇ. ತಯಾರಿಕೆ, ದುರಸ್ತಿ, ಪರಿವರ್ತನೆಗಳಿಗೆ 5ನೇ ಸೆಕ್ಷನ್ನಿನಂತೆ ಪ್ರತ್ಯೇಕ ಪರವಾನಗಿ ಬೇಕು. ನಿಮ್ಮ ಕೈಯಲ್ಲಿರುವ ಆಯುಧದ ಪರವಾನಗಿ ಅದಕ್ಕೆ ಸಾಲದು. 5ನೇ ಸೆಕ್ಷನ್ನನ್ನು ಮೀರಿ ಆಯುಧ ತಯಾರಿಸಿದವರಿಗೆ 2019ರ ನಂತರ ಕನಿಷ್ಠ ಏಳು ವರ್ಷಗಳಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ. ಏನೂ ಅರಿಯದ ಒಬ್ಬ ಲೇತ್ ಕೆಲಸಗಾರನನ್ನು ಇದರಲ್ಲಿ ಸಿಲುಕಿಸುವುದು ಅನ್ಯಾಯ. ಹೊರದೇಶದಿಂದ ತರಿಸುವುದೂ ಅನುಮತಿಯಿಲ್ಲದೆ ಆಗದು. ಪರವಾನಗಿಯಲ್ಲಿ ಬೋರ್ (ನಳಿಗೆಯ ಒಳವ್ಯಾಸ) ಕೂಡ ನಮೂದಾಗಿರುವುದರಿಂದ .32 ಎಂದಿರುವ ಪುಸ್ತಕ ತೋರಿಸಿ .22ರ ತೋಟಾ ಕೊಳ್ಳಲೂ ಆಗುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಯೋಚನೆಯನ್ನು ಕೈಬಿಟ್ಟಿದ್ದೇನೆ. ಹಾಗಾದರೆ ಕಡಿಮೆ ಖರ್ಚಿನ ಅಭ್ಯಾಸಕ್ಕೆ ದಾರಿಯೇನು?

ಉತ್ತರ 3 (ಚಿಂತಾಮಣಿ)

.177 ಬೋರಿನ ಏರ್ ಪಿಸ್ತೂಲನ್ನು ಪರಿಗಣಿಸಿ. 2016ರ ಶಸ್ತ್ರಾಸ್ತ್ರ ನಿಯಮಗಳಂತೆ ಬೋರ್ .177ನ್ನೂ ಶಕ್ತಿ 20 ಜೌಲನ್ನೂ ಮೀರದ ಏರ್ ಆಯುಧಕ್ಕೆ ಪರವಾನಗಿ ಬೇಕಿಲ್ಲ. ಹಿಡಿತ, ದೃಷ್ಟಿ, ಟ್ರಿಗರನ್ನು ಸಮವಾಗಿ ಎಳೆಯುವ ಅಭ್ಯಾಸ ಇವಿಷ್ಟನ್ನೂ ಅದರಲ್ಲೇ ಚೆನ್ನಾಗಿ ಕಲಿಯಬಹುದು. ರಿವಾಲ್ವರಿನ ಒದೆತ ಮಾತ್ರ ಅದರಲ್ಲಿ ಇರುವುದಿಲ್ಲವಾದ್ದರಿಂದ .32ರ ತೋಟಾಗಳನ್ನು ರೈಫಲ್ ಕ್ಲಬ್ಬಿನ ರೇಂಜಿನಲ್ಲಿ, ತರಬೇತುದಾರರ ಮುಂದೆ ಹಾರಿಸಲು ಉಳಿಸಿಕೊಳ್ಳಿ. ಕೊಳ್ಳುವಾಗ ಶಕ್ತಿಯ ಪ್ರಮಾಣ ಬರೆದಿರುವ ರಸೀದಿಯನ್ನು ಕೇಳಿ ಪಡೆದು ಜೋಪಾನವಾಗಿಡಿ.