ಹುತ್ತರಿ, ಕ್ರಿಸ್‌ಮಸ್ ಉಡುಗೊರೆಗಳನ್ನು ಮನೆಯಲ್ಲೇ ಅಚ್ಚುಕಟ್ಟಾಗಿ ಕಟ್ಟುವುದು ಹೇಗೆ?

ಪ್ರಶ್ನೆ (ವಿರಾಜಪೇಟೆ)

ಎಲ್ಲರಿಗೂ ನಮಸ್ಕಾರ. ಹುತ್ತರಿಗೆ ಊರಿಗೆ ಬರುವ ನೆಂಟರಿಗೂ ಕ್ರಿಸ್‌ಮಸ್‌ಗೆ ಪಕ್ಕದ ಮನೆಯವರಿಗೂ ಕೊಡಲೆಂದು ನಾವು ಪ್ರತಿ ವರ್ಷ ಕಾಫಿ ಪುಡಿ, ಕರಿಮೆಣಸು, ಏಲಕ್ಕಿಗಳನ್ನು ರಟ್ಟಿನ ಪೆಟ್ಟಿಗೆಗಳಲ್ಲಿಟ್ಟು, ಜೇನು ಮತ್ತು ಕಾಚಂಪುಳಿಯ (ನಮ್ಮ ಕೊಡಗಿನ ಕಪ್ಪು ಹುಳಿರಸ) ಬಾಟಲಿಗಳನ್ನು ಬೇರೆಯಾಗಿ ಬಣ್ಣದ ಕಾಗದದಲ್ಲಿ ಸುತ್ತುತ್ತೇವೆ. ಈ ಸಲ 14 ಪೆಟ್ಟಿಗೆಗಳಿವೆ. ಒಂದೊಂದೂ 22 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ, 8 ಸೆಂ.ಮೀ. ಎತ್ತರ. ಅಂಗಡಿಯಿಂದ ತಂದ ಕಾಗದ 50 ಸೆಂ.ಮೀ. ಅಗಲ, 70 ಸೆಂ.ಮೀ. ಉದ್ದದ್ದು. ಒಂದು ಪೆಟ್ಟಿಗೆಗೆ ಒಂದು ಹಾಳೆಯನ್ನು ಪೂರ್ತಿ ಬಳಸಿದರೂ ಎರಡು ತುದಿಗಳಲ್ಲಿ ಕಾಗದ ಮುದ್ದೆಯಾಗಿ ಉಬ್ಬಿಕೊಳ್ಳುತ್ತದೆ. ರಾತ್ರಿ ಅಂಟಿಸಿದ ಟೇಪು ಬೆಳಿಗ್ಗೆ ನೋಡಿದರೆ ಎದ್ದು ನಿಂತಿರುತ್ತದೆ. ಮೈದಾ ಅಂಟು ಹಚ್ಚಿ ನೋಡಿದೆ, ಕಾಗದವೆಲ್ಲ ಸುಕ್ಕಾಯಿತು. ಹಳೆಯ ಕ್ಯಾಲೆಂಡರಿನಲ್ಲಿ ಶಾಲೆಯ ಪುಸ್ತಕಗಳಿಗೆ ಬೈಂಡ್ ಹಾಕಿ ಬೆಳೆದವಳಿಗೆ ಇದು ಬರುವುದಿಲ್ಲವೆಂದರೆ ನಾಚಿಕೆಯೇ ಸರಿ. ತಿಳಿದವರು ದಯವಿಟ್ಟು ಹೇಳಿಕೊಡಿ.

ಉತ್ತರ 1 (ಮಡಿಕೇರಿ)

ಅಕ್ಕ, ನಿಮ್ಮ ಕೈಯಲ್ಲಿ ದೋಷವಿಲ್ಲ, ಕಾಗದ ಹೆಚ್ಚಾಗಿದೆ ಅಷ್ಟೆ. ಪೆಟ್ಟಿಗೆಯ ಸುತ್ತಳತೆ ಎಂದರೆ ಅಗಲ ಮತ್ತು ಎತ್ತರವನ್ನು ಕೂಡಿಸಿ ಎರಡರಿಂದ ಗುಣಿಸಿದಾಗ ಬರುವ 46 ಸೆಂ.ಮೀ. ಅದರ ಮೇಲೆ ಅಂಚು ಹೊದ್ದುಕೊಳ್ಳಲು ಮೂರು ಸೆಂ.ಮೀ. ಸಾಕು. ತುದಿಗಳಲ್ಲಿ ಪೆಟ್ಟಿಗೆಯ ಎತ್ತರದ ಮುಕ್ಕಾಲು ಭಾಗದಷ್ಟು, ಎಂದರೆ ಆರು ಸೆಂ.ಮೀ. ಕಾಗದ ಹೊರಚಾಚಿದ್ದರೆ ಸಾಕು. ಎತ್ತರಕ್ಕಿಂತ ಹೆಚ್ಚು ಚಾಚಿದ ಕಾಗದವೇ ನೀವು ಹೇಳುವ ಮುದ್ದೆ. ಹೀಗೆ ಲೆಕ್ಕ ಹಾಕಿದರೆ ನಿಮಗೆ ಬೇಕಾದದ್ದು 49 ಸೆಂ.ಮೀ. ಮತ್ತು 34 ಸೆಂ.ಮೀ.ನ ತುಂಡು. ನಿಮ್ಮ ಹಾಳೆಯನ್ನು ನಡುವೆ ಕತ್ತರಿಸಿದರೆ 50 ಮತ್ತು 35 ಸೆಂ.ಮೀ.ನ ಎರಡು ತುಂಡುಗಳು ಸಿಗುತ್ತವೆ, ಆದ್ದರಿಂದ 14 ಪೆಟ್ಟಿಗೆಗಳಿಗೆ ಏಳೇ ಹಾಳೆ ಸಾಕಾಗುತ್ತದೆ.

ಕಾಗದವನ್ನು ಬಣ್ಣದ ಮುಖ ಕೆಳಗಾಗಿ ಹಾಸಿ, ಪೆಟ್ಟಿಗೆಯನ್ನೂ ಮಗುಚಿಡಿ. ಮೇಲೆ ಬರುವ ಅಂಚನ್ನು ಒಂದು ಸೆಂ.ಮೀ.ನಷ್ಟು ಒಳಕ್ಕೆ ಮಡಚಿದರೆ ಕತ್ತರಿ ಸೊಟ್ಟಗೆ ಓಡಿದ್ದು ಯಾರಿಗೂ ಕಾಣುವುದಿಲ್ಲ. ಆ ಅಂಚು ಪೆಟ್ಟಿಗೆಯ ಬೆನ್ನಿನ ನಡುವೆ ಬರುವ ಬದಲು ಮೂಲೆಯ ಗೆರೆಗೇ ಸರಿಯಾಗಿ ಬರುವಂತೆ ಎಳೆದರೆ ಇನ್ನೂ ಚೆನ್ನ. ತುದಿಯಲ್ಲಿ ಮೊದಲು ಎಡಬಲದ ಎರಡು ಬದಿಗಳನ್ನು ಒಳಕ್ಕೆ ಒತ್ತಬೇಕು. ಆಗ ಮೇಲೂ ಕೆಳಗೂ ತ್ರಿಕೋನದಂತಹ ಎರಡು ರೆಕ್ಕೆಗಳು ತಾವಾಗಿಯೇ ಮೂಡುತ್ತವೆ. ಬೆನ್ನು ಮೇಲಾಗಿರುವ ಆ ಸ್ಥಿತಿಯಲ್ಲೇ ಕೆಳಗಿನ ರೆಕ್ಕೆಯನ್ನು ಮೊದಲು ಮೇಲಕ್ಕೆ ಮಡಚಿ, ಅದರ ಮೇಲೆ ಇನ್ನೊಂದನ್ನು ಇಳಿಸಿ. ಪ್ರತಿ ಮಡಿಕೆಯ ಮೇಲೂ ಚಮಚದ ಹಿಂಬದಿಯನ್ನು ಒಮ್ಮೆ ಒತ್ತಿ ಎಳೆಯಿರಿ, ಉಗುರಿನಿಂದ ಎಳೆದರೆ ತೆಳು ಕಾಗದ ಹರಿಯುವುದುಂಟು.

ಟೇಪಿನ ವಿಷಯ: ತೇವ ಹಿಡಿದ, ದೂಳು ಕುಳಿತ ಮೇಲ್ಮೈಯಲ್ಲಿ ಯಾವ ಟೇಪೂ ನಿಲ್ಲುವುದಿಲ್ಲ, ಚಳಿಗೆ ಅದರ ಅಂಟೂ ಗಟ್ಟಿಯಾಗುತ್ತದೆ. ನಮ್ಮ ಊರಿನ ಡಿಸೆಂಬರಿನಲ್ಲಿ ಮಂಜು ಮನೆಯೊಳಗೇ ಬಂದು ಕೂರುವುದು ನಿಮಗೆ ಗೊತ್ತೇ ಇದೆ. ಆದ್ದರಿಂದ ಈ ಕೆಲಸವನ್ನು ಬಿಸಿಲು ಬಿದ್ದ ಮಧ್ಯಾಹ್ನ ಮಾಡಿ, ಎರಡೂ ಬದಿಗೆ ಅಂಟಿರುವ ಟೇಪನ್ನು ಅಂಚಿನ ಒಳಗೆ ಇಡಿ. ಮಿಂಚುವ ಪ್ಲಾಸ್ಟಿಕ್ ಲೇಪದ ಕಾಗದವನ್ನಂತೂ ನಾನು ಬಿಟ್ಟೇಬಿಟ್ಟಿದ್ದೇನೆ, ಅದು ಮಡಿಕೆಯನ್ನೇ ಹಿಡಿಯದೆ ಪುಟಿದೇಳುತ್ತದೆ.

ಉತ್ತರ 2 (ಸಿದ್ದಾಪುರ)

ಮೇಲಿನವರು ಪೆಟ್ಟಿಗೆಯ ವಿಷಯವನ್ನು ಪೂರ್ತಿಯಾಗಿ ಹೇಳಿದ್ದಾರೆ. ಕಾಫಿಯ ಬಗ್ಗೆ ಒಂದು ಎಚ್ಚರಿಕೆ ನನ್ನದು. ಹೋದ ವರ್ಷ ನಾನು ಹುರಿದ ಬೀಜವನ್ನು ಆ ದಿನವೇ ಗಾಳಿಯಾಡದ ಚೀಲದಲ್ಲಿ ಬಿಗಿದು, ಪೆಟ್ಟಿಗೆಯೂ ಇಲ್ಲದೆ ನೇರವಾಗಿ ಕಾಗದ ಸುತ್ತಿದ್ದೆ. ಮೂರನೆಯ ದಿನಕ್ಕೆ ಚೀಲಗಳು ದಿಂಬಿನಂತೆ ಉಬ್ಬಿ, ಕಾಗದದ ಅಂಚುಗಳನ್ನು ಬಿಚ್ಚಿಹಾಕಿದ್ದವು. ಹುರಿದ ಬೀಜ ಹಲವು ದಿನಗಳವರೆಗೆ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಿರುತ್ತದೆ. ಪುಡಿಯಿಂದ ಅದು ಇನ್ನೂ ಬೇಗ ಹೊರಬರುತ್ತದೆ. ಆದ್ದರಿಂದ ಮಿಲ್ಲಿನಿಂದ ಬಿಸಿಯಾಗಿ ತಂದ ಪುಡಿಯನ್ನು ಕೂಡಲೇ ಬಿಗಿಯಬೇಡಿ. ಅದು ಆರಿದ ಮೇಲೆ ಒಂದು ದಿನ ಡಬ್ಬಿಯಲ್ಲಿಟ್ಟು ಅನಂತರ ಚೀಲಕ್ಕೆ ತುಂಬಿ.

ಬಾಟಲಿಗೆ ದಾರದಿಂದ ಸುತ್ತಳತೆ ತೆಗೆದು, ಎರಡು ಸೆಂ.ಮೀ. ಸೇರಿಸಿ ಕಾಗದವನ್ನು ಕೊಳವೆಯಂತೆ ಸುತ್ತಿ. ತಳದಲ್ಲಿ ಬಾಟಲಿಯ ಅಡ್ಡಳತೆಯ ಅರ್ಧಕ್ಕಿಂತ ತುಸು ಹೆಚ್ಚು ಕಾಗದ ಬಿಟ್ಟು, ಸೀರೆಯ ನೆರಿಗೆ ಹಿಡಿಯುವಂತೆ ಒಂದೇ ದಿಕ್ಕಿಗೆ ಸಣ್ಣ ಸಣ್ಣ ನೆರಿಗೆಗಳನ್ನು ಮಡಚುತ್ತಾ ಹೋಗಿ, ಕೊನೆಗೆ ನಡುವೆ ಒಂದು ಗುಂಡು ಚೀಟಿ ಅಂಟಿಸಿಬಿಡಿ. ನಮ್ಮ ಕೊಡವ ಸೀರೆಯ ನೆರಿಗೆ ಹಿಂದಕ್ಕೆ ಹೋಗುವಂತೆ ಇದೂ ನೋಡುವವರ ಕಣ್ಣಿಗೆ ಬೀಳದ ಜಾಗದಲ್ಲೇ ಇರುತ್ತದೆ. ಕತ್ತಿನ ಬಳಿ ನೀರಿನಲ್ಲಿ ನೆನೆಸಿ ಒರೆಸಿದ ಬಾಳೆನಾರಿನಿಂದ ಕಟ್ಟಿದರೆ ಗಂಟು ಜಾರುವುದಿಲ್ಲ. ಕಾಚಂಪುಳಿಯ ಮುಚ್ಚಳವನ್ನು ಮಾತ್ರ ಬಾಟಲಿ ಮಗುಚಿ ಪರೀಕ್ಷಿಸಿಕೊಳ್ಳಿ, ಒಂದು ಹನಿ ಸೋರಿದರೂ ಕಪ್ಪು ಕಲೆ ಕಾಗದವನ್ನು ದಾಟಿ ಬರುತ್ತದೆ.

ಉತ್ತರ 3 (ಸೋಮವಾರಪೇಟೆ)

ಕಾಗದವೇ ಏಕೆ ಬೇಕು? ಜಪಾನಿನವರು ಫುರೋಶಿಕಿ ಎಂಬ ಚೌಕ ಬಟ್ಟೆಯಲ್ಲಿ ಉಡುಗೊರೆ ಕಟ್ಟುತ್ತಾರೆ; ಪೆಟ್ಟಿಗೆಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿಟ್ಟು, ಎರಡು ಮೂಲೆಗಳನ್ನು ಹೊದಿಸಿ ಉಳಿದೆರಡನ್ನು ಗಂಟು ಹಾಕಿದರೆ ಮುಗಿಯಿತು. ನಮ್ಮ ಅಜ್ಜಿಯರು ಬುತ್ತಿ ಕಟ್ಟುತ್ತಿದ್ದುದೂ ಬಹುಮಟ್ಟಿಗೆ ಹೀಗೆಯೇ. ಚೆಂಡು, ಗೊಂಬೆಗಳಂತಹ ಆಕಾರವಿಲ್ಲದ ಸಾಮಾನಿಗೆ ಇದಕ್ಕಿಂತ ಸುಲಭದ ದಾರಿ ಕಾಣೆ. ಸಿಹಿ ತಿಂಡಿಯ ಪೆಟ್ಟಿಗೆಗಳ ಮೇಲೆ ಸುತ್ತುತ್ತಿದ್ದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದೆ, ಹಾಗಾಗಿ ಅದನ್ನು ಹುಡುಕಲು ಹೋಗಬೇಡಿ.

ಇನ್ನೊಂದು ಮಾತು. ಅಲಂಕಾರಕ್ಕೆಂದು ಪೊಟ್ಟಣದ ಮೇಲೆ ಭತ್ತದ ತೆನೆ ಸಿಕ್ಕಿಸುವವರಿದ್ದಾರೆ. ನೋಡಲು ಚೆಂದವೇ, ಆದರೆ ಹುತ್ತರಿಯ ರಾತ್ರಿ ಗದ್ದೆಯಿಂದ ‘ಪೊಲಿ ಪೊಲಿ ದೇವಾ’ ಎನ್ನುತ್ತಾ ಮನೆಗೆ ತಂದ ಕದಿರನ್ನು ಅದಕ್ಕೆ ಬಳಸುವುದು ನನಗೆ ಸರಿಯೆನಿಸುವುದಿಲ್ಲ. ಬೇಕಿದ್ದರೆ ಒಂದು ತುಂಡು ದಾಲ್ಚಿನ್ನಿ ಚಕ್ಕೆ ಸಿಕ್ಕಿಸಿ, ಪರಿಮಳವೂ ಇರುತ್ತದೆ.

ಪ್ರಶ್ನೆ ಕೇಳಿದವರು (ವಿರಾಜಪೇಟೆ)

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಮಧ್ಯಾಹ್ನ ಹಾಳೆಯನ್ನು ಅರ್ಧ ಮಾಡಿ ನಾಲ್ಕು ಪೆಟ್ಟಿಗೆಗಳನ್ನು ಸುತ್ತಿದೆ. ಬೆಳಿಗ್ಗೆಯವರೆಗೆ ಒಂದೂ ಬಿಚ್ಚಿಕೊಂಡಿಲ್ಲ, ತುದಿಗಳೂ ಚಪ್ಪಟೆಯಾಗಿವೆ. ಒಂದೇ ತೊಂದರೆ: ಕ್ರಿಸ್‌ಮಸ್ ಕಾಗದದ ಜಿಂಕೆಗಳೆಲ್ಲ ಪೆಟ್ಟಿಗೆಯ ಮೇಲೆ ಅಡ್ಡ ಮಲಗಿವೆ.

ಉತ್ತರ 1 (ಮಡಿಕೇರಿ)

ಹಾಳೆಯನ್ನು ಅಡ್ಡಕ್ಕೆ ಅರ್ಧ ಮಾಡಿದಾಗ ಚಿತ್ರ ಪೆಟ್ಟಿಗೆಯ ಉದ್ದಕ್ಕೆ ನಿಲ್ಲುತ್ತದೆ, ಅದನ್ನು ಹೇಳಲು ಮರೆತೆ. ಬಿಚ್ಚಬೇಡಿ ಅಕ್ಕ. ಪೆಟ್ಟಿಗೆಯನ್ನು ಉದ್ದಕ್ಕೆ ನಿಲ್ಲಿಸಿ ಹಿಡಿದು, ಹೆಸರಿನ ಚೀಟಿಯನ್ನೂ ಅದೇ ದಿಕ್ಕಿಗೆ ಅಂಟಿಸಿ ಕೊಡಿ, ಜಿಂಕೆಗಳು ಎದ್ದು ನಿಲ್ಲುತ್ತವೆ. ಉಳಿದ ಹತ್ತಕ್ಕೆ ಚುಕ್ಕಿ ಇಲ್ಲವೇ ನಕ್ಷತ್ರದ ಕಾಗದ ತನ್ನಿ.